ಕೀಲಿ ಕೊಡುವ ಮುಂಚೆ

ಶಿರಸಿಯಲ್ಲಿ ನನ್ನ ಹತ್ತಿರ ಕಾರು ಕಲಿಯಲು ಬರುವವರನ್ನು ‘ಡ್ರೈವಿಂಗ್ ಎಷ್ಟು ಬರುತ್ತದೆ?’ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ‘ಸ್ವಲ್ಪ ಬರುತ್ತದೆ’ ಅನ್ನುತ್ತಾರೆ, ಇಲ್ಲಾ ‘ಏನೂ ಬರುವುದಿಲ್ಲ’ ಅನ್ನುತ್ತಾರೆ. ಎರಡನ್ನೂ ನಂಬುವ ಹಾಗಿಲ್ಲ. ಎಲ್‌ಎಲ್‌ಆರ್‌ನ (ಕಲಿಯುವವರ ಲೈಸೆನ್ಸಿನ) ಆರು ತಿಂಗಳು ಮುಗಿದಿಲ್ಲ ತಾನೆ ಅಂತ ನೋಡಿ, ಕೀಲಿ ಕೊಡದೆ ಡ್ರೈವರ್ ಸೀಟಿನಲ್ಲಿ ಕೂರಿಸುತ್ತೇನೆ. ಆಮೇಲೆ ಸುಮ್ನೆ ನೋಡುವುದು.

ಹೆಚ್ಚಿನವರ ಕೈ ಸೀದಾ ಸ್ಟೇರಿಂಗಿಗೆ ಹೋಗುತ್ತದೆ. ಕ್ಲಚ್ ಪೂರ್ತಿ ಒತ್ತಲು ಕಾಲು ಎಟುಕುತ್ತದಾ ಎಂದು ಸೀಟು ಎಳೆದುಕೊಳ್ಳುವವರು ಕಮ್ಮಿ. ಗೇರ್ ಅಲ್ಲಾಡಿಸಿ ನ್ಯೂಟ್ರಲ್ ಖಾತ್ರಿ ಮಾಡಿಕೊಂಡರೆ, ಮನೆಯಲ್ಲಿ ಜೀಪೋ ಓಮ್ನಿಯೋ ಇದೆ ಎಂದೇ ಲೆಕ್ಕ.

ಈಚೆಗೆ ಬಂದ ಅಡಿಕೆ ತೋಟದ ಹುಡುಗ ‘ಏನೂ ಬರೂದಿಲ್ಲ ಅಕ್ಕಾ’ ಅಂದಿದ್ದ. ಟಿಲ್ಲರ್ ಹೊಡೆದು ಪಳಗಿದವನು. ಏರಿನಲ್ಲಿ ನಿಲ್ಲಿಸಿ ಹೊರಡಿಸಿದೆ. ಹ್ಯಾಂಡ್ ಬ್ರೇಕ್ ಹಿಡಿದುಕೊಂಡೇ ಕ್ಲಚ್ ಮೆಲ್ಲಗೆ ಬಿಟ್ಟ. ಇಂಜಿನ್ ಸದ್ದು ಭಾರವಾಯಿತು, ಬಾನೆಟ್ ಚೂರು ಎದ್ದಿತು, ಆಗ ಬ್ರೇಕ್ ಇಳಿಸಿದ. ಗಾಡಿ ಒಂದು ಗೇಣೂ ಹಿಂದೆ ಜಾರಲಿಲ್ಲ. ಆದರೆ ಕನ್ನಡಿ ಎಂಬುದು ಅವನ ಪಾಲಿಗೆ ಇಲ್ಲವೇ ಇಲ್ಲ. ತೋಟದಲ್ಲಿ ಹಿಂದಿನಿಂದ ಯಾರು ಹಾರ್ನ್ ಹೊಡೆಯುತ್ತಾರೆ, ಅಲ್ವಾ? ಇವನಿಗೆ ಮೈದಾನದ ಸುತ್ತು ಬೇಡ, ಬೇಗ ಐದು ರಸ್ತೆ ಸರ್ಕಲ್ಲಿಗೇ ಕರೆದೊಯ್ಯಬೇಕು. ಸ್ಕೂಟಿ ಓಡಿಸುವ ಹೆಂಗಸರದ್ದು ಇದಕ್ಕೆ ತಿರುಗಮುರುಗ. ಪೇಟೆ ಅವರಿಗೆ ಸಲೀಸು, ಎಡಗಾಲಿಗೆ ಮಾತ್ರ ಕೆಲಸವೇ ಗೊತ್ತಿಲ್ಲ.

ಕೊನೆಗೆ ಎಲ್ಲರಿಗೂ ಒಂದು ಪ್ರಶ್ನೆ: ‘ಕುಮಟಾಕ್ಕೆ ಹೊರಟಿದ್ದೀರಿ, ದೇವಿಮನೆ ಘಟ್ಟ ಯಾವ ಗೇರಿನಲ್ಲಿ ಇಳಿಸುತ್ತೀರಿ?’ ‘ನ್ಯೂಟ್ರಲ್, ಪೆಟ್ರೋಲ್ ಉಳಿಯುತ್ತದೆ’ ಎಂಬ ಉತ್ತರ ಬಂದರೆ ನನಗೆ ಕೆಲಸ ಜಾಸ್ತಿ. ಗೊತ್ತಿಲ್ಲದವರಿಗೆ ಕಲಿಸುವುದು ಸುಲಭ, ಇದು ಮನೆಯಿಂದ ಕಲಿತು ಬಂದದ್ದು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲೇ ಇಳಿಯುತ್ತಾ ಎಕ್ಸಲೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಪೆಟ್ರೋಲ್ ಉರಿಯುತ್ತಲೇ ಇರಬೇಕು. ಮೇಲಾಗಿ ತಡೆಯುವ ಭಾರವೆಲ್ಲ ಬ್ರೇಕಿನ ಮೇಲೆ. ಕಾದ ಬ್ರೇಕು ಹಿಡಿಯುವುದಿಲ್ಲ.

ಇಂಥವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಸಣ್ಣ ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿಸಿ, ಎಕ್ಸಲೇಟರ್‌ನಿಂದ ಕಾಲು ತೆಗೆಸುತ್ತೇನೆ. ಕಾರು ತಾನೇ ತಡೆದುಕೊಂಡು ಇಳಿಯುವುದು ಮೈಗೆ ಗೊತ್ತಾದರೆ ವಾದ ನಿಲ್ಲುತ್ತದೆ. ಮನೆಗೆ ಹೋಗಿ ಅಪ್ಪನನ್ನು ಒಪ್ಪಿಸುವುದು ಅವರವರ ಪಾಡು.