ಬಿಯರ್ ಬಾಟಲಿಗೆ ಎಷ್ಟು ಸಕ್ಕರೆ?

ಮನೆಯಲ್ಲೇ ಬಿಯರ್ ಮಾಡ್ತೀನಿ ಅಂದ ಕೂಡಲೇ ಊರಿನವರು ಕೇಳುವುದು ಒಂದೇ: "ಗ್ಯಾಸ್ ಎಲ್ಲಿಂದ ತುಂಬಿಸ್ತೀರಿ?" ತುಂಬಿಸುವುದಿಲ್ಲ, ಬಾಟಲಿಯೊಳಗೇ ಹುಟ್ಟುತ್ತದೆ. ಹುದುಗಿ ಮುಗಿದ ಬಿಯರಿನಲ್ಲೂ ಯೀಸ್ಟ್ ಜೀವಂತ ಇರುತ್ತದೆ. ಸ್ವಲ್ಪ ಸಕ್ಕರೆ ಹಾಕಿ ಮುಚ್ಚಳ ಬಿಗಿದರೆ ಅದನ್ನು ತಿಂದು ಗ್ಯಾಸ್ ಬಿಡುತ್ತದೆ. ಹೊರಗೆ ಹೋಗಲು ದಾರಿ ಇಲ್ಲ, ಹಾಗಾಗಿ ಬಿಯರಿನಲ್ಲೇ ಕರಗುತ್ತದೆ. ಇದಕ್ಕೆ ಪ್ರೈಮಿಂಗ್ ಅಂತಾರೆ.

ಸ್ವಲ್ಪ ಅಂದರೆ ಎಷ್ಟು? ಎಲ್ಲ ನಿಂತಿರುವುದು ಇದರ ಮೇಲೆ. ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಇಲ್ಲಿ 1963ರಿಂದ ಲೈಸೆನ್ಸ್ ಬೇಕಿಲ್ಲ, ಸಾಮಾನೆಲ್ಲ ಸುಲಭವಾಗಿ ಸಿಗುತ್ತದೆ. ಜಾಸ್ತಿ ಮಾಡುವುದು ಬಿಟರ್ ಅನ್ನುವ ಇಂಗ್ಲಿಷ್ ಬಗೆಯ ಬಿಯರ್, ಒಂದು ಸಲಕ್ಕೆ 23 ಲೀಟರ್. ಲೀಟರ್ ಬಿಯರಿನಲ್ಲಿ ಎರಡು ಲೀಟರ್ ಗ್ಯಾಸ್ ಕರಗಿದ್ದರೆ 2 ವಾಲ್ಯೂಮ್ ಅನ್ನುತ್ತಾರೆ, ಬಿಟರ್‌ಗೆ ಅಷ್ಟು ಸಾಕು. ಲೀಟರಿಗೆ 4 ಗ್ರಾಂ ಸಕ್ಕರೆ ಹಾಕಿದರೆ ಹೆಚ್ಚುಕಮ್ಮಿ 1 ವಾಲ್ಯೂಮ್ ಬರುತ್ತದೆ. ಹಾಗಂತ 8 ಗ್ರಾಂ ಸುರಿಯಬಾರದು. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಆಗಲೇ ಸುಮಾರು 0.85 ಇರುತ್ತದೆ. ಉಳಿದ 1.15ಕ್ಕೆ ಲೀಟರಿಗೆ 4.6 ಗ್ರಾಂ, ಒಟ್ಟು ಸುಮಾರು 106 ಗ್ರಾಂ.

ತಿಳಿಯಾಗಲಿ ಅಂತ ಬಿಯರನ್ನು ಎರಡು ದಿನ ಚಳಿಯ ಗ್ಯಾರೇಜಿನಲ್ಲಿ ಇಟ್ಟರೂ ಲೆಕ್ಕ 20 ಡಿಗ್ರಿಗೇ. ಬೆಚ್ಚಗಿದ್ದಾಗ ಹೊರಟುಹೋದ ಗ್ಯಾಸ್ ತಣ್ಣಗಾದ ಮಾತ್ರಕ್ಕೆ ವಾಪಸ್ ಬರಲ್ಲ ಅಲ್ವಾ?

ಚಮಚದ ಅಳತೆ ನನಗೆ ಒಪ್ಪಿಗೆಯಿಲ್ಲ. ತಕ್ಕಡಿಯಲ್ಲೇ ತೂಗಬೇಕು. ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕೆಲವು ನಿಮಿಷ ಕುದಿಸಿ, ಆರಿಸಿ, ನಲ್ಲಿ ಇರುವ ಶುದ್ಧ ಬಕೆಟ್ಟಿನ ತಳಕ್ಕೆ ಹಾಕುತ್ತೇನೆ. ಬಿಯರನ್ನು ಪೈಪಿನಲ್ಲಿ ಅದರ ಮೇಲೆ ಬಿಡುತ್ತೇನೆ. ಪೈಪಿನ ತುದಿ ಬಕೆಟ್ಟಿನ ತಳದಲ್ಲಿ ಪಕ್ಕಕ್ಕೆ ತಾಗಿ ಬಾಗಿರಬೇಕು, ಆಗ ಬಿಯರ್ ಸದ್ದಿಲ್ಲದೆ ಸುತ್ತುತ್ತಾ ಪಾಕದ ಜೊತೆ ಬೆರೆಯುತ್ತದೆ. ಮೇಲಿಂದ ಸುರಿದರೆ ಗಾಳಿ ಸೇರಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಕಂದು ಗಾಜಿನ ಬಾಟಲಿಗಳೇ ಒಳ್ಳೆಯದು, ಬೆಳಕು ಬಿದ್ದರೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಕೆಡುತ್ತದೆ. ಕತ್ತಿನಲ್ಲಿ ಎರಡು ಬೆರಳು ಜಾಗ ಬಿಟ್ಟು ಮುಚ್ಚಳ ಒತ್ತಬೇಕು.

ತುಂಬುವ ಮುಂಚೆ, ಬಿಯರಿನಲ್ಲಿ ಎಷ್ಟು ಸಕ್ಕರೆ ಉಳಿದಿದೆ ಅಂತ ತಿಳಿಸುವ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸಬೇಕು. ಇದರಲ್ಲಿ ರಾಜಿ ಬೇಡ. ಹುದುಗುವುದು ಇನ್ನೂ ಬಾಕಿ ಇದ್ದರೆ ಆ ಉಳಿದ ಸಕ್ಕರೆಯೂ ಗ್ಯಾಸಾಗುತ್ತದೆ, ಬಾಟಲಿ ಒಡೆದು ಗಾಜು ಹಾರುತ್ತದೆ. ಮನೆಯಲ್ಲಿ ಮಕ್ಕಳಿರುತ್ತಾರೆ.

ಆಮೇಲೆ ಎರಡು ವಾರ ಬೆಚ್ಚಗೆ. ಚಳಿಗಾಲದಲ್ಲಿ ದೋಸೆಹಿಟ್ಟು ಇಡುವ ಬಾಯ್ಲರ್ ಕಪಾಟಿನಲ್ಲೇ ಬಾಟಲಿಗಳಿಗೂ ಜಾಗ. ಒಂದು ಪ್ಲಾಸ್ಟಿಕ್ ಬಾಟಲಿಗೂ ತುಂಬಿಡಿ, ಹಿಚುಕಿದಾಗ ಗಟ್ಟಿ ಆಗಿದ್ದರೆ ಗ್ಯಾಸ್ ಬಂದಿದೆ ಅಂತ ಅರ್ಥ.

ಬೆಲ್ಲ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಬಹುದು, ಯೀಸ್ಟ್ ಖುಷಿಯಾಗಿ ತಿನ್ನುತ್ತದೆ. ಆದರೆ ಒಂದೊಂದು ಅಚ್ಚಿನಲ್ಲಿ ನೀರಿನಂಶ ಒಂದೊಂದು ಥರ, ಗ್ರಾಮಿನ ಲೆಕ್ಕ ಕೂರುವುದಿಲ್ಲ. ನಾನು ರುಚಿಗೆ ಬೇಕಾದ ಬೆಲ್ಲವನ್ನು ಬಿಯರ್ ಕುದಿಸುವಾಗಲೇ ಹಾಕುತ್ತೇನೆ. ಬಾಟಲಿಗೆ ಮಾತ್ರ ಬಿಳಿ ಸಕ್ಕರೆ.