ತೆಗೆದಿಟ್ಟ ರೊಟ್ಟಿ

ಅವ್ವ ಹೋಗಿ ನಾಲ್ಕನೇ ದಿನಕ್ಕೆ ಅಮಾವಾಸ್ಯೆ ಬಂತು. 2023ರ ಜನವರಿ 21, ಶನಿವಾರ, ಅವರಾತ್ರಿ ಅಮಾವಾಸ್ಯೆ. ಗದಗಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಅದರಲ್ಲಿ ಆ ದಿನಕ್ಕೆ ಅವ್ವ ಮೊದಲೇ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಳು. ಹೊಸ ಕ್ಯಾಲೆಂಡರ್ ಕೈಗೆ ಬಂದರೆ ಆಕೆ ಮಾಡುತ್ತಿದ್ದ ಮೊದಲ ಕೆಲಸವೇ ಅದು. ವರ್ಷದ ಅಮಾವಾಸ್ಯೆಗಳನ್ನೆಲ್ಲ ಹುಡುಕಿ ಸುತ್ತು ಹಾಕುವುದು.

ಅಮಾವಾಸ್ಯೆ ಅಂದರೆ ನಮ್ಮ ಮನೆಯಲ್ಲಿ ನೂರಾ ಒಂದು ರೊಟ್ಟಿ. ವೀರೇಶ್ವರ ಪುಣ್ಯಾಶ್ರಮದ ಹುಡುಗರಿಗೆ. 1978ರಿಂದ ನಡೆದು ಬಂದದ್ದು.

ಹಿಂದಿನ ರಾತ್ರಿ ಮನೆಯಲ್ಲಿ ಬಂಧುಬಳಗ ತುಂಬಿತ್ತು. ಅಣ್ಣ ಕ್ಯಾಲೆಂಡರ್ ಮುಂದೆ ಸುಮಾರು ಹೊತ್ತು ನಿಂತಿದ್ದ. ಆಮೇಲೆ ಹೊರಗೆ ಬಂದು, "ನಾಳೆ ರೊಟ್ಟಿ ಹೋಗಬೇಕಲ್ಲ" ಅಂದ. ಕಾಕಾ ಗಾಬರಿಯಾದರು. "ಏ, ಸತ್ತ ಮನ್ಯಾಗ ಇಷ್ಟ ಲಗೂನ ಹಂಚ ಇಡತಾರೇನೋ? ಮಂದಿ ಏನಂದಾರು?" ಅಂದರು. ಅಣ್ಣ ದನಿ ಏರಿಸಲಿಲ್ಲ. "ನಮ್ಮೊಳಗ ಸೂತಕ ಎಲ್ಲೈತ್ರಿ ಕಾಕಾ? ಬಸವಣ್ಣನವರು ಐದೂ ಸೂತಕ ಬ್ಯಾಡ ಅಂದಾರ. ಇಷ್ಟಲಿಂಗ ಕಟ್ಟಿಕೊಂಡವರಿಗೆ ಹುಟ್ಟಿದ್ದರ ಸೂತಕಾನೂ ಇಲ್ಲ, ಸತ್ತದ್ದರ ಸೂತಕಾನೂ ಇಲ್ಲ" ಅಂದ. ಹಾಗಂತ ಎಲ್ಲ ಲಿಂಗಾಯತರ ಮನೆಯಲ್ಲೂ ಇದನ್ನು ಪಾಲಿಸುತ್ತಾರೆ ಅಂತಲ್ಲ. ನಮ್ಮಲ್ಲೇ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲು ಹಿಂದೆಮುಂದೆ ನೋಡುತ್ತಾರೆ. ಕಾಕಾ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಎದ್ದು ಹೋಗಿ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದರು.

ಈ ರೊಟ್ಟಿ ಎಲ್ಲಿಂದ ಶುರುವಾಯಿತು ಅಂತ ಹೇಳಬೇಕು.

ನಮ್ಮಪ್ಪ ಅರಳೆ ಜಿನ್ನಿನಲ್ಲಿ ಕೆಲಸಕ್ಕಿದ್ದರು. 1974ರಲ್ಲಿ ಹೋಗಿಬಿಟ್ಟರು. ಅವ್ವನಿಗೆ ಆಗ ಮೂವತ್ತೆಂಟು. ಮೂರು ಮಕ್ಕಳು. ಓದಿದ್ದು ನಾಲ್ಕನೇ ಇಯತ್ತೆ. ಆಕೆಗೆ ಗೊತ್ತಿದ್ದ ಕಸುಬು ಒಂದೇ, ರೊಟ್ಟಿ ಬಡಿಯುವುದು. ಸ್ಟೇಷನ್ ರಸ್ತೆಯ ಕಡೆಯ ಒಂದು ಲಿಂಗಾಯತ ಖಾನಾವಳಿಗೆ ದಿನಾ ರೊಟ್ಟಿ ಮಾಡಿ ಕೊಡಲು ಹಿಡಿದಳು. ಬೆಳಗ್ಗೆ ನಾಲ್ಕಕ್ಕೆ ಟಪ ಟಪ ಸಪ್ಪಳ ಶುರುವಾಗುತ್ತಿತ್ತು. ನಾವು ಮೂವರೂ ಆ ಸಪ್ಪಳದಲ್ಲೇ ಮಲಗಿ, ಆ ಸಪ್ಪಳದಲ್ಲೇ ಎದ್ದವರು. ಅಣ್ಣನಿಗೆ ಎರಡನೇ ವರ್ಷಕ್ಕೇ ಪೋಲಿಯೊ ಆಗಿ ಬಲಗಾಲು ಸೊರಗಿತ್ತು. ಅವನು ನಾಲ್ಕನೇ ಇಯತ್ತೆ ಮುಗಿಸುವ ತನಕ ಅವ್ವ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಬಿಟ್ಟು ಬಂದಿದ್ದಾಳೆ. ಎಡಗಡೆ ಅಣ್ಣ, ಬಲಗೈಯಲ್ಲಿ ಅವನ ಪಾಟಿಚೀಲ. ಪಕ್ಕದಲ್ಲಿ ಅವಳ ಸೆರಗು ಹಿಡಿದು ನಾನು.

1978ರಲ್ಲಿ ಒಂದು ದಿನ ಖಾನಾವಳಿಯವರು ಅರ್ಧ ರೊಟ್ಟಿ ಬೇಡ ಅಂದರು. ಆ ದಿನ ಗಿರಾಕಿ ಇರಲಿಲ್ಲವಂತೆ. ಹಾಳಾಗದಿರಲಿ ಅಂತ ಅವ್ವ ಅವನ್ನು ಬುಟ್ಟಿಯಲ್ಲಿಟ್ಟುಕೊಂಡು ಪುಣ್ಯಾಶ್ರಮಕ್ಕೆ ಹೋದಳು. ಪುಣ್ಯಾಶ್ರಮ ಗೊತ್ತಲ್ವಾ, ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಪುಟ್ಟರಾಜ ಗವಾಯಿಗಳು ಬೆಳೆಸಿದ್ದು. ಇಬ್ಬರಿಗೂ ಕಣ್ಣಿರಲಿಲ್ಲ. ಇಬ್ಬರೂ ನಮ್ಮ ಪಕ್ಕದ ಹಾನಗಲ್ಲ ಸೀಮೆಯವರೇ. ಕಣ್ಣಿಲ್ಲದ ಮಕ್ಕಳು, ದಿಕ್ಕಿಲ್ಲದ ಮಕ್ಕಳು ಅಲ್ಲಿ ಉಂಡು, ಹಾಡು ಕಲಿತು, ತಬಲಾ ಪೇಟಿ ಕಲಿತು ಹೊರಗೆ ಬರುತ್ತಾರೆ. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರಂಥವರು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಕಲಿತವರು. ಬೆಳಗಿನ ಹೊತ್ತು ಒಳಗೆ ಕಾಲಿಟ್ಟರೆ ಒಂದು ಕಡೆ ಸರಿಗಮ, ಇನ್ನೊಂದು ಕಡೆ ತಬಲಾ ಬೋಲು.

ಅಲ್ಲಿ ಒಬ್ಬ ಹುಡುಗ ರೊಟ್ಟಿ ಮುರಿದು ಕೇಳಿದನಂತೆ: "ಇವು ಉಳದಾವೇನ್ರಿ ಅವ್ವಾರ?"

ಸುಮ್ನೆ ಕೇಳಿದ್ದು. ಅವನಿಗೆ ಬೇಸರವೇನೂ ಇರಲಿಲ್ಲ. ತಿಂದ, ಇನ್ನೆರಡು ಕೇಳಿ ಹಾಕಿಸಿಕೊಂಡ. ಆದರೆ ಅವ್ವನಿಗೆ ಅದು ಎಲ್ಲೋ ಹೋಗಿ ನಾಟಿತು. ಮನೆಗೆ ಬಂದವಳು ರಾತ್ರಿ ಊಟ ಮಾಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಖಾನಾವಳಿಯ ರೊಟ್ಟಿ ಬಡಿಯುವ ಮೊದಲೇ ನೂರಾ ಒಂದು ರೊಟ್ಟಿ ಎಣಿಸಿ ತೆಗೆದಿಟ್ಟಳು. "ಉಳದದ್ದ ಕೊಡಬಾರದು. ತಗದಿಟ್ಟ ಕೊಡಬೇಕು." ಈ ಮಾತನ್ನು ನಾನು ಆಕೆಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಮನೆಯಲ್ಲಿ ಜೋಳ ಕಡಿಮೆ ಬಿದ್ದ ತಿಂಗಳು ನಾವು ಅನ್ನ ಗಂಜಿಯಲ್ಲಿ ಕಳೆದದ್ದುಂಟು. ಅಮಾವಾಸ್ಯೆಯ ಜೋಳದ ಡಬ್ಬಿಗೆ ಕೈ ಹಾಕಿದ್ದಿಲ್ಲ. ಚಿಕ್ಕವಳಿದ್ದಾಗ ನನಗೆ ಆ ಡಬ್ಬಿಯ ಮೇಲೆ ಸಿಟ್ಟಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಬೇರೆ ಕೆಲಸಗಳೂ ಇದ್ದವು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಆಕೆಯನ್ನು ಯಾರೂ ಕರೆದಿರಲಿಲ್ಲ, ತಾನೇ ಹೋಗಿ ನಿಂತಳು. ಓಣಿ ಓಣಿ ತಿರುಗಿ, "ಹನಿ ಹಾಕಿಸೀರೇನವಾ?" ಅಂತ ಕೇಳಿ, ಕೂಸುಗಳ ಎಡಗೈ ಕಿರುಬೆರಳಿನ ಮೇಲೆ ಮಸಿ ಇದೆಯಾ ಅಂತ ನೋಡುವುದು. ಹನಿ ಬೇಡ ಅನ್ನುವ ಮನೆಗಳಿಗೆ ಅಣ್ಣನನ್ನೇ ಕರೆದುಕೊಂಡು ಹೋಗುತ್ತಿದ್ದಳು. ಅಣ್ಣ ಅವರ ಕಟ್ಟೆಯ ಮೇಲೆ ಕೂತು ಪ್ಯಾಂಟು ಮೇಲೆತ್ತಿ ಕಾಲು ತೋರಿಸುತ್ತಿದ್ದ. ಅಷ್ಟೇ. ಮಾತು ಬೇಕಾಗುತ್ತಿರಲಿಲ್ಲ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಅಂತ ಟಿವಿಯಲ್ಲಿ ಬಂದಾಗ ಅವ್ವ ಅಣ್ಣನ ಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಇನ್ನು ಕಣ್ಣಿನ ವಿಷಯ. ಪುಣ್ಯಾಶ್ರಮದಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗನಿದ್ದ, ಅವ್ವನಿಗೆ ಬಹಳ ಹತ್ತಿರವಾಗಿದ್ದ. ಒಂದು ಸಲ ಅವನು, "ಅವ್ವಾರ, ನೀವು ಸತ್ತ ಮ್ಯಾಲ ನಿಮ್ಮ ಕಣ್ಣ ನನಗ ಆಗತಾವೇನ್ರಿ?" ಅಂತ ಕೇಳಿದ. ಅವ್ವ ಅವನನ್ನು ಒಂದು ಕಣ್ಣಿನ ತಪಾಸಣಾ ಶಿಬಿರಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ನೋಡಿ ತಿಳಿಸಿ ಹೇಳಿದರು. ಸತ್ತವರ ಕಣ್ಣಿನಿಂದ ತೆಗೆದು ಹಾಕುವುದು ಕಾರ್ನಿಯಾ ಮಾತ್ರ, ಅಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ. ಆ ಪದರ ಕೆಟ್ಟು ಕಣ್ಣು ಹೋದವರಿಗಷ್ಟೇ ಅದು ಉಪಯೋಗ. ಈ ಹುಡುಗನದು ಹಿಂದಿನ ನರವೇ ಸತ್ತಿದೆ. ಅವನಿಗೆ ಆಗುವುದಿಲ್ಲ. ದಾರಿಯುದ್ದಕ್ಕೂ ಅವ್ವ ಅಳುತ್ತಾ ಬಂದಳಂತೆ. ಹುಡುಗನೇ ಆಕೆಗೆ ಸಮಾಧಾನ ಮಾಡಿದನಂತೆ, "ಮತ್ತ್ಯಾರಿಗರ ಆಗತೈತಲ್ರಿ" ಅಂತ.

ಆ ಮಾತು ಅವ್ವನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. 2021ರ ಅಕ್ಟೋಬರ್ ಕೊನೆಗೆ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು ಅಂತ ಟಿವಿಯಲ್ಲಿ ಹೇಳಿದರು. ಅವ್ವ ಮರುದಿನವೇ ನನಗೆ ಹುಬ್ಬಳ್ಳಿಗೆ ಫೋನ್ ಮಾಡಿ, "ಆ ಅರ್ಜಿ ತಗೊಂಡ ಬಾ" ಅಂದಳು. ಎಂಬತ್ತೈದು ವಯಸ್ಸು, ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ನಡೆಯುತ್ತದೆಯೋ ಇಲ್ಲವೋ ಅಂತ ನನಗೆ ಅನುಮಾನ. ವಯಸ್ಸಿನ ಅಡ್ಡಿಯಿಲ್ಲ, ಚಷ್ಮಾ ಇದ್ದರೂ ಪೊರೆ ತೆಗೆಸಿದ್ದರೂ ನಡೆಯುತ್ತದೆ ಅಂದರು ನೇತ್ರ ಬ್ಯಾಂಕಿನವರು. ಸಹಿ ಹಾಕಿ ಪೆನ್ನು ಕೆಳಗಿಡುತ್ತಾ ಅವ್ವ ಹೇಳಿದಳು: "ಇದೊಂದ ನೋಡು, ಉಳದದ್ದ ಕೊಡಾಕತ್ತೇನಿ." ಆಕೆಯ ಮುಖದಲ್ಲಿ ನಿಜವಾಗಿಯೂ ನಾಚಿಕೆಯಿತ್ತು.

ಜನವರಿ 17ರ ರಾತ್ರಿ ಹತ್ತೂವರೆಗೆ ಉಸಿರು ನಿಂತಿತು. ಮೂರು ದಿನದ ಹಿಂದೆ ಭೋಗಿಗೆ ಒಲೆಯ ಮುಂದೆ ಕೂತು, ಸಜ್ಜೆ ರೊಟ್ಟಿಗೆ ಎಳ್ಳು ಸಾಲದು ಅಂತ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಹೇಳುತ್ತಿದ್ದವಳು. ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಅಣ್ಣ ಅಳುತ್ತಲೇ ಫೋನ್ ಮಾಡಿದ. ಫೋನಿನಲ್ಲಿ ಅವರು ಹೇಳಿದ ಹಾಗೆ ನಾನು ಫ್ಯಾನ್ ಆರಿಸಿದೆ. ತಲೆಯ ಕೆಳಗೆ ಎರಡು ದಿಂಬು ಇಟ್ಟೆ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟೆ. ಹತ್ತಿ ಆರಿದಂತೆ ಮತ್ತೆ ಒದ್ದೆ ಮಾಡಿದೆ. ಆ ಒಂದೂವರೆ ತಾಸು ನಾನು ಅವ್ವನ ತಲೆದೆಸೆಯಿಂದ ಏಳಲಿಲ್ಲ. ಹುಬ್ಬಳ್ಳಿಯಿಂದ ಗಾಡಿ ಬಂತು. ಕೋಣೆಯ ಬಾಗಿಲು ಹಾಕಿಕೊಂಡರು. ಇಪ್ಪತ್ತು ನಿಮಿಷವೂ ಆಗಲಿಲ್ಲ. ಹೊರಗೆ ಒಬ್ಬರು ಹಿರಿಯರು, "ಕಣ್ಣಿಲ್ಲದ ಹೆಂಗ ಕಳಸತೀರಿ ಆಕೀನ್ನ?" ಅಂತ ಒದ್ದಾಡುತ್ತಿದ್ದರು. ಒಳಗೆ ಹೋಗಿ ಮುಖ ನೋಡಿದವರು ಸುಮ್ಮನೆ ಕೈಮುಗಿದು ಹೊರಗೆ ಬಂದರು. ಮುಖದಲ್ಲಿ ಒಂದು ಗುರುತೂ ಇರಲಿಲ್ಲ. ನಿದ್ದೆ ಹತ್ತಿದವಳ ಹಾಗೇ ಇದ್ದಳು.

ಕಾರ್ನಿಯಾ ಪರೀಕ್ಷೆ ಮಾಡಿ, ಚೆನ್ನಾಗಿದ್ದರೆ ಹಾಕುತ್ತಾರೆ, ಇಲ್ಲದಿದ್ದರೆ ಕಲಿಯುವ ಡಾಕ್ಟರುಗಳಿಗೆ ಕೊಡುತ್ತಾರೆ. ಯಾರಿಗೆ ಹಾಕಿದರು ಅಂತ ಮನೆಯವರಿಗೆ ಹೇಳುವುದಿಲ್ಲ. ನಾನೂ ಕೇಳಲಿಲ್ಲ.

ಅಮಾವಾಸ್ಯೆಯ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದೆವು. ವೈನಿ, ನಾನು, ಎದುರು ಮನೆಯ ಅಕ್ಕ, ಹಿಂದಿನ ಮನೆಯ ಚಾಚಿ. ಚಾಚಿ ಅವ್ವನ ಜೊತೆ ಇಪ್ಪತ್ತು ವರ್ಷ ರೊಟ್ಟಿ ಬಡಿದವರು. ಎರಡು ಒಲೆ, ಎರಡು ಹಂಚು. ವೈನಿ ಎಸರು ಕಾಯಿಸಿ ಹಿಟ್ಟಿನ ನಡುವೆ ಹೊಯ್ದರು. ನಾನು ನಾದಲು ಕೂತೆ. ಮಾಲದಂಡಿ ಜೋಳದ ಹಿಟ್ಟು, ಅಂಗೈಯ ಬುಡ ಹಚ್ಚಿ ಒತ್ತಿ ಒತ್ತಿ ನಾದಬೇಕು. ಇಲ್ಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಮೂವತ್ತೈದು ವರ್ಷದಿಂದ ಹುಬ್ಬಳ್ಳಿಯಲ್ಲಿ ನೌಕರಿ ಮಾಡಿಕೊಂಡಿದ್ದ ನಾನು ರೊಟ್ಟಿಯನ್ನು ಜಾಸ್ತಿ ಕೊಂಡು ತಂದೇ ತಿಂದವಳು. ಮೊದಲಿನ ನಾಲ್ಕು ರೊಟ್ಟಿ ಸೀಳಿದವು. ಚಾಚಿ ನನ್ನ ಕೈ ಹಿಡಿದು, "ಅಂಗೈಲೆ ಅಲ್ಲವ್ವಾ, ಬೆರಳಲೆ ತಿರಗಸು. ನಿಮ್ಮವ್ವ ಅಂಚಿಗಿ ಬಂದ ಕೂಡಲೇ ಕೈ ಹಗೂರ ಮಾಡತಿದ್ಲು" ಅಂದರು. ಹಗುರ ಮಾಡಿದೆ. ರೊಟ್ಟಿ ತಿರುಗಿತು. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿದರೆ ಪುಸ್ ಅಂತ ಉಬ್ಬಿತು. ಎದುರು ಮನೆಯ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎಣಿಸಿದರು, "ಒಂದು."

ಎಂಟು ಗಂಟೆಗೆ ನೂರಾ ಒಂದು ಆಯಿತು. ಮೇಲೆ ಬಿಳಿ ಬಟ್ಟೆ ಮುಚ್ಚಿ, ಒಂದು ಡಬ್ಬಿ ಶೇಂಗಾ ಚಟ್ನಿ ಇಟ್ಟು, ಅಣ್ಣನ ಮೂರು ಗಾಲಿಯ ಸ್ಕೂಟರಿನ ಹತ್ತಿರ ಬುಟ್ಟಿ ತಂದೆವು. ಹಿಂದಿನ ಸೀಟು ಅವ್ವ ಕೂರುತ್ತಿದ್ದ ಜಾಗ. ಅವಳು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನಾನೂ ಹಾಗೇ ಕೂತೆ. ಬಿಸಿ ಸೀರೆಯೊಳಗಿನಿಂದ ತೊಡೆಗೆ ತಾಗುತ್ತಿತ್ತು.

ಊಟದ ಸಾಲಿನಲ್ಲಿ ನಾನೇ ಬಡಿಸಿದೆ. ನಡುವೆ ಕೂತಿದ್ದ ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗ ತಾಟಿಗೆ ಬಿದ್ದ ರೊಟ್ಟಿಯನ್ನು ಮುರಿಯಲಿಲ್ಲ. ಮೊದಲು ತೋರುಬೆರಳಿನಿಂದ ಅಂಚಿನ ಸುತ್ತ ಒಂದು ಸಲ ಸವರಿದ. ಒಂದು ಕಡೆ ದಪ್ಪವಿತ್ತು, ಬೆರಳು ಅಲ್ಲಿ ನಿಂತಿತು.

"ಇದು ಅಮಾಸಿ ಅವ್ವಾರದ್ದ ಅಲ್ಲ" ಅಂದ.

"ಅಲ್ಲಪ್ಪ. ನಾ ಆಕೀ ಮಗಳು. ನಾನ ಬಡದೇನಿ."

"ಉಳದದ್ದೇನ್ರಿ?"

ನನ್ನ ಗಂಟಲು ಕಟ್ಟಿತು. ನಲವತ್ತೈದು ವರ್ಷದ ಹಿಂದಿನ ಆ ಮಾತು ಇವನಿಗೆ ಹೇಗೆ ಬಂತೋ. ಅವ್ವನೇ ಇವರಿಗೆಲ್ಲ ಆ ಕಥೆ ಹೇಳಿದ್ದಳೇನೋ. "ಅಲ್ಲ ಕೂಸ, ತಗದಿಟ್ಟದ್ದು" ಅಂದೆ.

ಹುಡುಗ ರೊಟ್ಟಿ ಮುರಿದು, ಚಟ್ನಿ ಹಚ್ಚಿಕೊಂಡು ಒಂದು ತುತ್ತು ತಿಂದ. ಆಮೇಲೆ ತಾಟನ್ನು ನಾನಿದ್ದ ಕಡೆಗೆ ಸ್ವಲ್ಪ ಸರಿಸಿದ.

"ಇನ್ನೊಂದ ಹಾಕ್ರಿ" ಅಂದ.