ಯಾರ ಪಾಲಿಗೆ?

ಇತಿಹಾಸದ ಮೇಷ್ಟ್ರು ತೀರಿಕೊಂಡರು ಅನ್ನೋ ಸುದ್ದಿ ಬಂದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಅವರ ಪೆನ್ಸಿಲ್ ತುಂಡು. ಹೆಬ್ಬೆರಳುದ್ದ ಇರುತ್ತಿತ್ತು, ಸದಾ ಅಂಗಿ ಜೇಬಿನಲ್ಲಿ. ‘ಕೊಲಂಬಸ್ 1492ರಲ್ಲಿ ಅಮೆರಿಕವನ್ನು ಕಂಡುಹಿಡಿದನು’ ಅಂತ ಯಾರಾದರೂ ಉತ್ತರ ಬರೆದಿದ್ದರೆ, ಆ ಸಾಲಿನ ಪಕ್ಕದಲ್ಲಿ ಸಣ್ಣಗೆ ‘ಯಾರ ಪಾಲಿಗೆ?’ ಎಂದು ಬರೆಯುತ್ತಿದ್ದರು. ಕೆಂಪು ಶಾಯಿ ಮುಟ್ಟುತ್ತಿರಲಿಲ್ಲ, ನಂಬರ್ ಕಳೆಯುತ್ತಲೂ ಇರಲಿಲ್ಲ. ಆದರೂ ಆ ಎರಡು ಪದ ನೋಡಿದ ದಿನವೆಲ್ಲ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅಲ್ಲಿ ಸಾವಿರಾರು ವರ್ಷಗಳಿಂದ ಬಾಳಿದವರಿಗೆ ಆ ನೆಲ ಗೊತ್ತೇ ಇತ್ತು, ಅಲ್ವಾ?

2000ರಿಂದ 2003ರವರೆಗೆ ನಮ್ಮ ಬಿ.ಎ. ತರಗತಿಗೆ ಅವರು ಪಾಠ ಮಾಡಿದರು. ಸಿಲಬಸ್ಸಿನಲ್ಲಿ ಏನೇನಿತ್ತು ಅಂತ ಈಗ ಕೇಳಿದರೆ ಹೇಳಲಾರೆ. ಕುರ್ಚಿಯ ಪ್ರಸಂಗ ಮಾತ್ರ ನಿನ್ನೆ ನಡೆದ ಹಾಗಿದೆ.

ಎರಡನೇ ವರ್ಷ. ಒಂದು ದಿನ ನಾವು ನಾಲ್ಕು ಜನ ಬೇಗ ಹೋಗಿ ಅವರ ಕುರ್ಚಿಯನ್ನು ಕೊನೆಯ ಬೆಂಚಿನ ಹಿಂದಕ್ಕೆ ಎಳೆದೆವು. ಕಾಗದದ ಬಾವುಟ ಸಿಕ್ಕಿಸಿ, ‘ಈ ಕುರ್ಚಿಯನ್ನು ಇಂದು ನಾವು ಕಂಡುಹಿಡಿದಿದ್ದೇವೆ. ಇನ್ನು ಇದು ನಮ್ಮದು’ ಎಂದು ಚೀಟಿ ಅಂಟಿಸಿದೆವು. ಬರೆದವನು ನಾನು. ತರಗತಿಯಲ್ಲಿ ನನ್ನ ಅಕ್ಷರವೇ ಚೆನ್ನಾಗಿದ್ದದ್ದು.

ಮೇಷ್ಟ್ರು ಬಂದು ಚೀಟಿ ಓದಿದರು. “ಇದನ್ನ ಕುರ್ಚಿಗೆ ಓದಿ ಹೇಳಿದ್ರೇನಯ್ಯಾ?” ಎಂದರು.

“ಇಲ್ಲ ಸಾರ್.”

“ಹಾಗೆಲ್ಲ ಸುಮ್ನೆ ತಗೊಳ್ಳೋ ಹಾಗಿಲ್ಲ. ಮೊದಲು ಓದಬೇಕು.”

ಅವತ್ತು ನಾವು ‘ರೆಕೆರಿಮಿಯೆಂತೊ’ ಅನ್ನೋ ಹೆಸರು ಮೊದಲ ಸಲ ಕೇಳಿದ್ದು. 1513ರಲ್ಲಿ ಸ್ಪೇನಿನ ಆಸ್ಥಾನದ ಪಂಡಿತನೊಬ್ಬ ಬರೆದುಕೊಟ್ಟ ಕಾಗದ. ಅಮೆರಿಕದ ಊರುಗಳ ಮೇಲೆ ಬೀಳುವ ಮೊದಲು ಸೈನಿಕರು ಅದನ್ನು ಅಲ್ಲಿನ ಜನಕ್ಕೆ ಓದಬೇಕಿತ್ತು. ಪೋಪನನ್ನೂ ರಾಜನನ್ನೂ ಒಪ್ಪಿಕೊಳ್ಳಿ; ಒಪ್ಪದಿದ್ದರೆ ಯುದ್ಧ, ನಿಮ್ಮ ಹೆಂಡತಿ ಮಕ್ಕಳನ್ನು ಗುಲಾಮರನ್ನಾಗಿ ಒಯ್ಯುತ್ತೇವೆ ಅಂತ. ಓದುತ್ತಿದ್ದದ್ದು ಆ ಜನಕ್ಕೆ ಗೊತ್ತಿಲ್ಲದ ಭಾಷೆಯಲ್ಲಿ. ಎಷ್ಟೋ ಸಲ ಜನ ಓಡಿಹೋಗಿ ಬರಿದಾದ ಗುಡಿಸಲುಗಳ ಮುಂದೆ.

ಮೇಷ್ಟ್ರು ಅದರ ಸಾರವನ್ನು ಕನ್ನಡದಲ್ಲಿ ನನ್ನಿಂದ ಬರೆಸಿ, ಖಾಲಿ ಕುರ್ಚಿಯ ಎದುರು ನಿಲ್ಲಿಸಿ ಓದಿಸಿದರು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ‘ಇದರಿಂದ ಆಗುವ ಸಾವುನೋವಿಗೆ ನೀವೇ ಹೊಣೆ, ನಾವಲ್ಲ’ ಎಂಬ ಸಾಲಿಗೆ ಬಂದಾಗ ನನ್ನ ದನಿ ತಗ್ಗಿತು. ಅವರು ಇಡೀ ಪೀರಿಯಡ್ ನಿಂತೇ ಪಾಠ ಮಾಡಿದರು. ಮಾರನೇ ದಿನವೂ ನಿಂತೇ. ಕುರ್ಚಿ ವಾಪಸ್ ಇಡಿ ಅಂತ ಒಂದು ಮಾತೂ ಆಡಲಿಲ್ಲ. ಮೂರನೇ ದಿನ ನಾವೇ ಒರೆಸಿ ತಂದಿಟ್ಟೆವು.

ಅವರ ಸಂಶೋಧನೆ ಶುರುವಾದದ್ದು ಬ್ರಿಟಿಷರ ಕಾಲದ ರೈತ ದಂಗೆಗಳಿಂದ. ದಂಗೆ ಎದ್ದವರು ಬರೆದಿಟ್ಟದ್ದು ತೀರಾ ಕಡಿಮೆ, ಅವರನ್ನು ಹತ್ತಿಕ್ಕಿದ ಅಧಿಕಾರಿಗಳ ಪತ್ರಗಳು ಮಾತ್ರ ರಾಶಿ ರಾಶಿ. 1982ರಲ್ಲಿ ಇತಿಹಾಸಕಾರ ರಣಜಿತ್ ಗುಹಾ ಅವರ ಸಂಪಾದಕತ್ವದಲ್ಲಿ ‘ಸಬಾಲ್ಟರ್ನ್ ಸ್ಟಡೀಸ್’, ಅಂದರೆ ಇತಿಹಾಸದಲ್ಲಿ ದನಿ ಸಿಗದ ಕೆಳಸ್ತರದ ಜನರ ಬಗೆಗಿನ ಬರಹಗಳ, ಮೊದಲ ಸಂಪುಟ ಬಂತು. ಅಧಿಕಾರಿಯ ಪತ್ರವನ್ನೇ ತಿರುಗಿಸಿ ಓದಿ ರೈತನ ಮನಸ್ಸು ಹುಡುಕಬಹುದು ಅಂತ ಗುಹಾ ತೋರಿಸಿಕೊಟ್ಟಿದ್ದು ಮೇಷ್ಟ್ರಿಗೆ ದಾರಿಯಾಯಿತು. ಆಮೇಲೆ ಅವರ ಕೈಗೆ ಸಿಕ್ಕಿದವರು ಪೆರುವಿನ ಸಮಾಜಶಾಸ್ತ್ರಜ್ಞ ಅನಿಬಾಲ್ ಕಿಹಾನೊ. ಆಳುವವರು ಹಡಗು ಹತ್ತಿ ಹೋದರೂ ಅವರು ಹಾಕಿಕೊಟ್ಟ ಮೇಲುಕೀಳಿನ ಲೆಕ್ಕ ಉಳಿದುಬಿಡುತ್ತದೆ, ಯಾವ ಬಣ್ಣ ಮೇಲು, ಯಾರ ತಿಳಿವಳಿಕೆ ತಿಳಿವಳಿಕೆ ಅನ್ನೋದು ಸೇರಿ, ಅಂದವರು ಅವರು. ಆ ಲೆಕ್ಕವನ್ನು ಬಿಡಿಸಿ ನೋಡುವುದನ್ನೇ ಮೇಷ್ಟ್ರು ನಿರ್ವಸಾಹತೀಕರಣ ಎಂದು ಕರೆಯುತ್ತಿದ್ದರು. ಬಾವುಟ ಇಳಿಸಿ ಏರಿಸಿದ ಮಾತ್ರಕ್ಕೆ ಅದು ಮುಗಿಯಲ್ಲ ಅನ್ನುತ್ತಿದ್ದರು.

ಬಡ್ತಿ ಅವರಿಗೆ ತಡವಾಗಿ ಸಿಕ್ಕಿತು. ಒಳ್ಳೆಯ ಲೇಖನಗಳನ್ನೆಲ್ಲ ಅವರು ಕನ್ನಡದಲ್ಲೇ ಬರೆದಿದ್ದರು, ಆಯ್ಕೆಗೆ ಕೂತವರು ಅವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನನಗೆ ಈಗಲೂ ಅದು ನುಂಗಲಾರದ ತುತ್ತು. ಅವರೇನೋ ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ.

ನಾನೂ ಈಗ ಇತಿಹಾಸದ ಮೇಷ್ಟ್ರು. ಇವತ್ತಿನ ಮಕ್ಕಳಿಗೆ ಸ್ಲೈಡು, ನೋಟ್ಸು, ಎರಡು ನಂಬರಿನ ಪ್ರಶ್ನೆ ಎಲ್ಲ ತಯಾರಾಗಿ ಸಿಗುತ್ತವೆ. ಸೆಮಿಸ್ಟರ್ ಓಡುತ್ತಲೇ ಇರುತ್ತದೆ. ಒಂದು ಕಾಗದದ ಮೇಲೆ ಎರಡು ದಿನ ಕಳೆಯಲು ಪುರುಸೊತ್ತೇ ಇಲ್ಲ, ಅದು ನನಗೆ ಬೇಸರ. ಆದರೂ ನನ್ನ ತರಗತಿಯಲ್ಲಿ ರೆಕೆರಿಮಿಯೆಂತೊ ಪ್ರತಿ ವರ್ಷ ಓದಿಸುತ್ತೇನೆ. ಒಮ್ಮೆ ಮೇಷ್ಟ್ರು ಬಂದು ಕೊನೆಯ ಬೆಂಚಿನಲ್ಲಿ ಕೂತು ಕೇಳಿದರು. “ನನಗಿಂತ ಚೆನ್ನಾಗಿ ಮಾಡ್ತೀಯ ಕಣಯ್ಯಾ” ಎಂದರು. ನಾನು ಪಡೆದ ಯಾವ ಸನ್ಮಾನವೂ ನನಗೆ ಅದಕ್ಕಿಂತ ದೊಡ್ಡದಲ್ಲ.

ಇನ್ನೊಂದು ಸಂಜೆಯ ವಿಷಯ ಹೇಳಬೇಕು. ನಾವು ಕೊನೆಯ ವರ್ಷದಲ್ಲಿದ್ದಾಗ ಮೇಷ್ಟ್ರು ನನ್ನನ್ನು ಕಂಪ್ಯೂಟರ್ ಲ್ಯಾಬಿಗೆ ಕರೆದುಕೊಂಡು ಹೋದರು. ಪೆರುವಿನ ಆಂಡಿಸ್ ಬೆಟ್ಟಗಳ ಗುವಾಮನ್ ಪೋಮಾ ಅನ್ನೋ ಮೂಲನಿವಾಸಿ ಮುದುಕ 1615ರ ಹೊತ್ತಿಗೆ ಸ್ಪೇನಿನ ರಾಜನಿಗೆ ಒಂದು ಪತ್ರ ಬರೆದು ಮುಗಿಸಿದ್ದ. ಸುಮಾರು 1200 ಪುಟ, 398 ಚಿತ್ರ. ತನ್ನ ಜನಕ್ಕೆ ಆದ ಅನ್ಯಾಯವನ್ನು ಸ್ಪ್ಯಾನಿಷ್‌ನಲ್ಲಿ, ನಡುನಡುವೆ ತನ್ನ ಕೆಚುವಾ ಭಾಷೆಯಲ್ಲಿ ಬರೆದಿದ್ದ. ಅದನ್ನು ರಾಜ ಓದಿದ್ದಕ್ಕೆ ಸಾಕ್ಷಿ ಇಲ್ಲ. 1908ರಲ್ಲಿ ಕೋಪನ್‌ಹೇಗನ್ನಿನ ರಾಜಗ್ರಂಥಾಲಯದಲ್ಲಿ ಅದು ವಿದ್ವಾಂಸರೊಬ್ಬರ ಕಣ್ಣಿಗೆ ಬಿತ್ತು. 2001ರಲ್ಲಿ ಆ ಗ್ರಂಥಾಲಯ ಅಷ್ಟೂ ಪುಟಗಳನ್ನು ಇಂಟರ್ನೆಟ್ಟಿಗೆ ಹಾಕಿತ್ತು.

ಲೈನ್ ನಿಧಾನ. ಚಿತ್ರ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಮುದುಕನ ತಲೆ, ಆಮೇಲೆ ಮೈ. ಅವನ ಮಗ, ಒಂದು ಕುದುರೆ. ತನ್ನ ದೂರು ಹೊತ್ತು ತಾನೇ ಲಿಮಾ ನಗರಕ್ಕೆ ನಡೆದು ಹೋಗುತ್ತಿರುವ ಚಿತ್ರ ಅದು. ಮೇಷ್ಟ್ರು ಕನ್ನಡಕ ತೆಗೆದು ಪರದೆಗೆ ಮುಖ ತಾಗುವಷ್ಟು ಬಗ್ಗಿದರು. “ನಾಯಿ ಎರಡಿವೆ ನೋಡು” ಎಂದರು. ಬಾಗಿಲು ಹಾಕಲು ಅಟೆಂಡರ್ ಬೀಗದ ಕೈ ಹಿಡಿದು ನಿಂತಿದ್ದ. ಮೇಷ್ಟ್ರು ಏಳಲಿಲ್ಲ. “ಇನ್ನೊಂದೇ ಪುಟ” ಎಂದರು.